ಹೊಳೆವ್ವನ ಮಿಸ್ ಕಾಲ್

ರಾಯಾಪುರದ ಹೊಳೆವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಮೊಬೈಲ್ ಫೋನಿಗೆ ಅವಳು ತನ್ನದೇ ಒಂದು ಭಾಷೆ ಕಲಿಸಿದ್ದಳು. ಒಂದು ಮಿಸ್ ಕಾಲ್ ಎಂದರೆ "ಎಲ್ಲಿ ಅದಿ?" ಎರಡು ಎಂದರೆ "ಲಗೂ ಹೇಳು." ಮೂರು ಎಂದರೆ "ಅವ್ವ ಅಳಾಕತ್ತಾಳ." ಈ ಭಾಷೆ ಗೊತ್ತಿದ್ದದ್ದು ನಾಲ್ಕೇ ಮಂದಿಗೆ. ಹೊಳೆವ್ವ, ಅವಳ ಗಂಡ ಗುರುಶಿದ್ದಪ್ಪ, ಪಿಯುಸಿ ಓದುತ್ತಿದ್ದ ಮಗಳು ದುರ್ಗಾ, ಮತ್ತು ಯಾರಿಗಾಗಿ ಇಷ್ಟೆಲ್ಲ ಕಟ್ಟಳೆ ಮಾಡಿದ್ದಳೋ ಆ ಮಗ ಹನಮೇಶ.

ಇದು ಎರಡು ಸಾವಿರದ ಏಳನೇ ಇಸವಿಯ ಮಾತು. ಹನಮೇಶನಿಗೆ ಆಗ ಇಪ್ಪತ್ತೆರಡು ವರ್ಷ. ತಾರಿಹಾಳದ ಒಂದು ಸಣ್ಣ ಕಾರ್ಖಾನೆಯಲ್ಲಿ ಟೆಂಪೊ ಓಡಿಸುತ್ತಿದ್ದ. ನೀರೆತ್ತುವ ಪಂಪಿನ ಸಾಮಾನು ತುಂಬಿಕೊಂಡು ಧಾರವಾಡದ ಅಂಗಡಿಗಳಿಗೆ ಮುಟ್ಟಿಸಿ ಬರುವುದು ಅವನ ಕೆಲಸ. ಹುಡುಗ ಒಳ್ಳೆಯವ. ಕುಡಿತವಿಲ್ಲ, ಗುಟಕಾ ಇಲ್ಲ. ಗಾಡಿಯನ್ನೂ ಹದವಾಗಿ ಓಡಿಸುತ್ತಿದ್ದ. ಅವನ ಬಗ್ಗೆ ಯಾರೂ ಒಂದು ಮಾತು ಆಡುವಂತಿರಲಿಲ್ಲ.

ಆದರೂ ಹೊಳೆವ್ವನ ಎದೆಗೆ ಸಮಾಧಾನವಿಲ್ಲ. ಬೆಳಿಗ್ಗೆ ಅವನು ಹೊಸ್ತಿಲು ದಾಟಿದನೆಂದರೆ ಅವನು ಮರೆಯಾಗುವವರೆಗೆ ಇವಳು ಬಾಗಿಲಲ್ಲೇ ನಿಲ್ಲುತ್ತಿದ್ದಳು. ರೊಟ್ಟಿ ಬಡಿಯುತ್ತಿದ್ದರೂ ಕಿವಿ ದೊಡ್ಡ ರಸ್ತೆಯ ಕಡೆಗೆ. ಲಾರಿಯೊಂದು ಜೋರಾಗಿ ಹಾರ್ನ್ ಹೊಡೆದರೆ ಕೈಯೊಳಗಿನ ಹಿಟ್ಟು ಕೈಯಲ್ಲೇ ನಿಲ್ಲುತ್ತಿತ್ತು. ಅದಕ್ಕೇ ಮಗನಿಗೆ ಕರಾರು ಹಾಕಿದ್ದಳು. ತಾರಿಹಾಳ ಬಿಟ್ಟ ಕೂಡಲೇ ಒಂದು ಮೆಸೇಜು, ಉಣಕಲ್ಲಿಗೆ ಒಂದು, ಸತ್ತೂರಿಗೆ ಒಂದು, ಧಾರವಾಡ ಮುಟ್ಟಿದ ಮೇಲೆ ಒಂದು. ಬರುವಾಗ ಮತ್ತೆ ನಾಲ್ಕು. ದುರ್ಗಾ ಅದನ್ನು ಓದಿ ಹೇಳಬೇಕು. ಕಾಲೇಜಿಗೆ ರಜೆ ಇಲ್ಲದ ದಿನ ಹೊಳೆವ್ವ ಫೋನು ಹಿಡಿದುಕೊಂಡು ಹಿಟ್ಟಿನ ಗಿರಣಿಯವನ ಹತ್ತಿರ ಓದಿಸಿಕೊಂಡು ಬರುತ್ತಿದ್ದಳು.

"ನಮ್ಮ ಮನಿ ಮನಿಯಲ್ಲ, ರೈಲ್ವೆ ಸ್ಟೇಷನ್ ಆಗೇತಿ," ಎಂದು ಗುರುಶಿದ್ದಪ್ಪ ನಗುತ್ತಿದ್ದ. "ಗಾಡಿ ಈಗ ಉಣಕಲ್ ಬಿಟ್ಟದ, ಸತ್ತೂರಕ್ಕ ಬರೂದದ. ಸ್ಟೇಷನ್ ಮಾಸ್ತರಬಾಯಿ ನಮ್ಮ ಹೊಳೆವ್ವ!"

"ನಗ್ರಿ, ನಗ್ರಿ. ನಿಮಗೇನು ಗೊತ್ತದ ತಾಯಿ ಸಂಕಟ," ಎಂದು ಅವಳು ಮುಖ ತಿರುವುತ್ತಿದ್ದಳು.

ಅವಳ ಸಂಕಟ ಸುಳ್ಳಿನದಾಗಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ಅವಳ ಅಣ್ಣ ಕಲ್ಲೇಶ ಇದೇ ರಸ್ತೆಯಲ್ಲಿ ಲಾರಿಗೆ ಸಿಕ್ಕಿದ್ದ. ಆಗ ಮನೆಯಲ್ಲಿ ಫೋನಿಲ್ಲ, ಓಣಿಯಲ್ಲೂ ಇರಲಿಲ್ಲ. ಸುದ್ದಿ ಮುಟ್ಟುವಷ್ಟರಲ್ಲಿ ಮರುದಿನ ಸಂಜೆಯಾಗಿತ್ತು. ಅಷ್ಟು ಹೊತ್ತಿಗೆ ಅಣ್ಣ ಇರಲಿಲ್ಲ. "ಬಾಯಾಗ ಒಂದು ಹನಿ ನೀರು ಬಿಡಾಕೂ ನನಗ ದೈವ ಇರಲಿಲ್ಲ" ಎಂದು ಹೊಳೆವ್ವ ಇವತ್ತಿಗೂ ಹೇಳಿ ಕಣ್ಣೊರೆಸಿಕೊಳ್ಳುತ್ತಾಳೆ. ಫೋನು ಇದ್ದಿದ್ದರೆ ಅಣ್ಣನ ಮುಖವಾದರೂ ಸಿಗುತ್ತಿತ್ತು ಎಂಬುದು ಅವಳ ನಂಬಿಕೆ. ಹಾಗಾಗಿ ಮಗನ ಕೈಗೆ ಗಾಡಿಯ ಚಾವಿ ಬಂದ ವಾರದಲ್ಲೇ ಹಟ ಹಿಡಿದು ಎರಡು ಮೊಬೈಲ್ ತರಿಸಿದ್ದಳು. ಒಂದು ಮನೆಗೆ, ಒಂದು ಮಗನಿಗೆ. ಮಗನ ಮೆಸೇಜಿನ 'ಟಿಣ್' ಎಂಬ ಸಪ್ಪಳ ಕೇಳಿದಾಗ ಅವಳಿಗೆ ಮಗನೇ "ಯವ್ವಾ" ಎಂದು ಕರೆದಂತಾಗುತ್ತಿತ್ತು.

ಎರಡು ಮನೆ ಆಚೆ ಪ್ರಿಸಿಲ್ಲಾ ಇದ್ದಳು. ಸತ್ತೂರಿನ ಆಸ್ಪತ್ರೆಯಲ್ಲಿ ನರ್ಸ್. ಓಣಿಯ ಮಹಿಳಾ ಸಂಘದಲ್ಲಿ ಅವಳ ಮಾತೆಂದರೆ ಎಲ್ಲರಿಗೂ ಭರವಸೆ. ಮಕ್ಕಳ ಲಸಿಕೆಯಿಂದ ಹಿಡಿದು ಮುದುಕಿಯರ ಬಿಪಿಯವರೆಗೆ ಎಲ್ಲಕ್ಕೂ ಅವಳನ್ನೇ ಕೇಳುತ್ತಿದ್ದರು. ಒಂದು ಭಾನುವಾರ ಚರ್ಚಿನಿಂದ ಬಂದವಳು ಹೊಳೆವ್ವನ ಕಟ್ಟೆಯ ಮೇಲೆ ಕೂತಿದ್ದಾಗ ಟಿಣ್ ಎಂದು ಮೆಸೇಜು ಬಂತು. ಆ ದಿನ ಮಾಲು ಹೆಚ್ಚಿದ್ದರಿಂದ ಹನಮೇಶ ರಜೆಯಲ್ಲೂ ಹೋಗಿದ್ದ.

"ಉಣಕಲ್ ದಾಟಿದ," ಎಂದಳು ದುರ್ಗಾ.

ಪ್ರಿಸಿಲ್ಲಾ ಹುಬ್ಬು ಗಂಟಿಕ್ಕಿದಳು. "ಹೊಳೆವ್ವಕ್ಕಾ, ಹನಮೇಶ ಈಗ ಗಾಡಿ ಓಡಸಾಕತ್ತಾನಲ್ರಿ? ಮತ್ತ ಈ ಮೆಸೇಜ್ ಯಾವಾಗ ಬರದ?"

"ಬರಿಯೂದೇನ್ರಿ ಬಾಯಾರ? ಗುಂಡಿ ಒತ್ತಿದ್ರ ಆತು. ಬಂದು ಬೀಳತದ."

"ಹಂಗಲ್ರಿ. ಗಾಡಿ ಓಡಸುವಾಗ ಮೊಬೈಲ್ ನೋಡೂದು ಛಲೋ ಅಲ್ಲ. ಆಕ್ಸಿಡೆಂಟ್ ಆಗಿ ನಮ್ಮ ದವಾಖಾನಿಗೆ ಬರೋ ಹುಡುಗರನ್ನ ನೋಡಿದ್ರ ನನಗ ಎದಿ ಒಡಿತದ. ಅವಗ ಮೆಸೇಜ್ ಹೊಡಿ ಅಂತ ಹೇಳಬ್ಯಾಡ್ರಿ."

ಹೊಳೆವ್ವನಿಗೆ ಸಿಟ್ಟು ಬಂತು. "ನಿಮ್ಮ ಮಕ್ಕಳು ಇನ್ನಾ ಸಣ್ಣವು, ಸಾಲಿಗೆ ಹೋಗಿ ಮನಿಗೆ ಬರತಾವ. ನನ್ನ ಮಗ ರಸ್ತಾದಾಗ ಇರತಾನ. ಸುದ್ದಿ ಇರದಿದ್ರ ನಾ ಹೆಂಗ ಜೀವ ಹಿಡೀಲಿ? ಮತ್ತ ನನ್ನ ಮಗ ಏನು ದಡ್ಡನ? ಗಾಡಿ ಬಾಜೂಕ ನಿಲ್ಲಿಸಿ ಹೊಡಿತಾನ."

"ಕೇಳೀರೇನು ಅವನ್ನ?"

"ಕೇಳೂದೇನು? ನನ್ನ ಮಗ ನನಗ ಗೊತ್ತಿಲ್ಲೇನ್ರಿ?"

ಪ್ರಿಸಿಲ್ಲಾ ಮುಂದೆ ವಾದ ಬೆಳೆಸಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವುದು ನರ್ಸುಗಳಿಗೂ ಗೊತ್ತಿರುವ ಗಾದೆ.

ಇದಾಗಿ ಹತ್ತು ದಿನಕ್ಕೆ ಹೊಳೆವ್ವನ ಮೊಣಕಾಲು ನೋವು ಜೋರಾಯಿತು. "ಮಂಗಳವಾರ ದವಾಖಾನಿಗೆ ಬರ್ರಿ, ಎಲುಬಿನ ಡಾಕ್ಟ್ರಿಗೆ ತೋರಿಸೂಣು," ಎಂದು ಪ್ರಿಸಿಲ್ಲಾ ಹೇಳಿದ್ದಳು. ಹನಮೇಶ ಧಾರವಾಡಕ್ಕೆ ಹೋಗುವ ದಾರಿಯಲ್ಲಿ ಮನೆಗೆ ಬಂದು ಅವ್ವನನ್ನು ಹತ್ತಿಸಿಕೊಂಡ. ಸತ್ತೂರು ಹೇಗೂ ದಾರಿಯಲ್ಲೇ ಇತ್ತು.

ಮಗನ ಗಾಡಿಯಲ್ಲಿ ಮುಂದಿನ ಸೀಟಿನಲ್ಲಿ ಕೂತು ಹೋಗುವುದು ಹೊಳೆವ್ವನಿಗೆ ಅದೇ ಮೊದಲು. ಸೆರಗು ಹೊದ್ದು, ಚೀಲ ತೊಡೆಯ ಮೇಲಿಟ್ಟುಕೊಂಡು, ಅಕ್ಕಪಕ್ಕದ ಮಂದಿ ನೋಡುತ್ತಿದ್ದಾರೋ ಇಲ್ಲವೋ ಎಂದು ಎರಡು ಸಲ ಹೊರಗೆ ಇಣುಕಿದಳು. ಮಗ ಗೇರು ಬದಲಿಸುವುದನ್ನೂ ಕನ್ನಡಿ ನೋಡುವುದನ್ನೂ ಕಂಡು ಹೆಮ್ಮೆಯಾಯಿತು. ಮೊಣಕಾಲಿನ ನೋವೇ ಮರೆತುಹೋಯಿತು.

ದೊಡ್ಡ ರಸ್ತೆಗೆ ಬಂದು ಎರಡು ನಿಮಿಷವಾಗಿರಬೇಕು. ಹನಮೇಶನ ಮೊಬೈಲು ಒಮ್ಮೆ ಸದ್ದು ಮಾಡಿ ಸುಮ್ಮನಾಯಿತು.

"ದುರ್ಗಾ," ಎಂದ ಹನಮೇಶ. "ನೀ ಹೇಳಿ ಬಂದಿಯೇನು, ಕೇಳಂತ?"

"ಹೌದಪ. ಮುಟ್ಟಿದಿವೋ ಇಲ್ಲೋ ಅಂತ ಆಕಿಗೂ ಕಾಳಜಿ ಇರಂಗಿಲ್ಲೇನು?"

ಹನಮೇಶ ಎಡಗೈಯಲ್ಲಿ ಮೊಬೈಲು ತೆಗೆದುಕೊಂಡ. ಬಲಗೈ ಸ್ಟೇರಿಂಗಿನ ಮೇಲೆ. ಹೆಬ್ಬೆರಳು ಗುಂಡಿಗಳ ಮೇಲೆ ಟಕಟಕ ಆಡತೊಡಗಿತು. ಗಾಡಿ ಓಡುತ್ತಲೇ ಇತ್ತು.

ಹೊಳೆವ್ವ ಮಗನ ಕೈ ನೋಡಿದಳು, ರಸ್ತೆ ನೋಡಿದಳು, ಮತ್ತೆ ಮಗನ ಕೈ ನೋಡಿದಳು.

"ಗಾಡಿ ನಿಲ್ಲಸಂಗಿಲ್ಲೇನೋ?"

"ಎದಕ್ಕವ್ವಾ?"

"ಮೆಸೇಜ್ ಹೊಡಿಯಾಕ."

ಹನಮೇಶ ನಕ್ಕ. "ದಿನಾ ಎಂಟು ಸಲ ನಿಲ್ಲಿಸಿದ್ರ ಧಾರವಾಡಕ್ಕ ನಾಳೆ ಮುಟ್ಟತೇನಿ. ಮಾಲಕ ಕೆಲಸದಿಂದ ಹೊರಗ ಹಾಕತಾನ."

"ಅಂದ್ರ ದಿನಾ ಹಿಂಗ..."

ಅವಳ ಮಾತು ಮುಗಿಯುವ ಮುಂಚೆ ಮೊಬೈಲು ಮತ್ತೊಮ್ಮೆ ಸದ್ದು ಮಾಡಿ ನಿಂತಿತು.

"ನೋಡು, ಎರಡಾತು. ಇನ್ನೊಂದು ಬಂದ್ರ ನೀ ಅಳಾಕತ್ತಿ ಅಂತ ಅರ್ಥ. ನೀ ನೋಡಿದ್ರ ಇಲ್ಲಿ ರಾಣಿ ಹಂಗ ಕುಂತಿ! ತಡಿ, 'ಅವ್ವ ಆರಾಮ ಅದಾಳ' ಅಂತ ಹೊಡಿತೇನಿ." ಹುಡುಗ ತುಟಿಯಂಚಿನಲ್ಲಿ ನಗುತ್ತಾ ತಲೆ ಬಗ್ಗಿಸಿದ.

ಹೊಳೆವ್ವನಿಗೆ ಮುಂದೆ ಒಂದು ಸೈಕಲ್ಲು ಕಂಡಿತು. ಸೈಕಲ್ಲಿನ ಹಿಂದೆ ಅರಳೆಯ ಗಂಟು. ಅದನ್ನು ತುಳಿಯುತ್ತಿದ್ದ ಮುದುಕನ ಬಿಳಿ ಟೋಪಿಯೂ ಕಂಡಿತು. "ಹನಮ್ಯಾ!" ಎಂದು ಕೂಗಿದಳೋ ಇಲ್ಲವೋ ಅವಳಿಗೇ ನೆನಪಿಲ್ಲ. ಹನಮೇಶ ತಲೆಯೆತ್ತಿ ಬಲಕ್ಕೆ ಎಳೆದ. ಬ್ರೇಕು ಕಿರುಚಿತು. ಆದರೂ ಗಾಡಿಯ ಎಡಮೂಲೆ ಸೈಕಲ್ಲಿನ ಹ್ಯಾಂಡಲಿಗೆ ತಾಗಿ, ಮನುಷ್ಯ ರಸ್ತೆಯ ಬದಿಯ ಕಲ್ಲುಗಳ ಮೇಲೆ ಹೋಗಿ ಬಿದ್ದ. ಗಂಟು ಬಿಚ್ಚಿ ಅರಳೆ ಎಲ್ಲ ಕಡೆ ಹಾರಿತು. ಹಿಂದಿನಿಂದ ಬರುತ್ತಿದ್ದ ಬಸ್ಸು ಮಾರುದೂರದಲ್ಲಿ ನಿಂತಿತು. ಒಂದು ಕ್ಷಣ ತಡವಾಗಿದ್ದರೆ ಆ ಬಸ್ಸು ಇವರ ಮೇಲೇ ಬರುತ್ತಿತ್ತು.

ಮೊಣಕಾಲು ನೋವಿನ ಹೊಳೆವ್ವ ಹೇಗೆ ಇಳಿದಳೋ, ಹೇಗೆ ಓಡಿದಳೋ. ಮುದುಕ ಉಸಿರಾಡುತ್ತಿದ್ದ. ಬಲಗೈ ಮಣಿಕಟ್ಟು ವಿಕಾರವಾಗಿ ತಿರುಗಿತ್ತು, ಹಣೆಯಿಂದ ರಕ್ತ ಸುರಿಯುತ್ತಿತ್ತು. ಅವಳು ಸೆರಗಿನ ತುದಿ ಹರಿದು ಹಣೆಗೆ ಕಟ್ಟಿದಳು. ಹನಮೇಶ ಅವನನ್ನು ಎತ್ತಿ ಗಾಡಿಯಲ್ಲಿ ಮಲಗಿಸಿದ. ಬಸ್ಸಿನ ಮಂದಿಯೂ ಇಳಿದು ಕೈ ಕೊಟ್ಟರು.

ಅದೇ ಹೊತ್ತಿಗೆ ಸೀಟಿನ ಕೆಳಗೆ ಬಿದ್ದಿದ್ದ ಮೊಬೈಲು ಮೂರನೇ ಸಲ ಸದ್ದು ಮಾಡಿ ನಿಂತಿತು.

ಸತ್ತೂರಿನ ಆಸ್ಪತ್ರೆಯಲ್ಲಿ ಪ್ರಿಸಿಲ್ಲಾ ಸಿಕ್ಕಳು. ಏನೂ ಕೇಳದೆ ಮೊದಲು ಮುದುಕನನ್ನು ಒಳಗೆ ಕರೆದುಕೊಂಡು ಹೋದಳು. ಅವನ ಹೆಸರು ಅಬ್ದುಲಗನಿ. ಮನೆಮನೆಗೆ ಹೋಗಿ ಹಳೆಯ ಗಾದಿಗಳ ಅರಳೆ ಹಿಂಜಿ ಮತ್ತೆ ತುಂಬಿಕೊಡುವ ಕೆಲಸ ಅವನದು. ಮಣಿಕಟ್ಟಿನ ಎಲುಬು ಮುರಿದಿತ್ತು. ತಲೆಗೆ ಆರು ಹೊಲಿಗೆ ಬಿದ್ದವು. ಜೀವಕ್ಕೆ ಅಪಾಯವಿಲ್ಲ ಎಂದು ಡಾಕ್ಟರು ಹೇಳುವವರೆಗೆ ಹೊಳೆವ್ವ ಕಾರಿಡಾರಿನಲ್ಲಿ ನಿಂತೇ ಇದ್ದಳು. ಕೂತುಕೊಳ್ಳಿ ಎಂದು ಯಾರು ಹೇಳಿದರೂ ಅವಳಿಗೆ ಕೇಳಿಸಲಿಲ್ಲ.

ಸ್ವಲ್ಪ ಹೊತ್ತಿಗೆ ಪೊಲೀಸ್ ಪೇದೆ ಬಂದು ಕಾಗದ ತೆಗೆದ. "ಹೆಂಗಾತಪಾ?"

"ಕಾಕಾ ಒಮ್ಮೆಲೆ ಅಡ್ಡ ಬಂದ್ರುರಿ," ಎಂದ ಹನಮೇಶ. ಅವನ ಕಣ್ಣು ನೆಲದ ಮೇಲಿತ್ತು.

ಹಾಸಿಗೆಯ ಮೇಲಿದ್ದ ಅಬ್ದುಲಗನಿ ಕಣ್ಣು ತೆರೆದು ಹುಡುಗನನ್ನು ನೋಡಿದ. ನೋವಿಗೋ ಬೇಸರಕ್ಕೋ ಮತ್ತೆ ಕಣ್ಣು ಮುಚ್ಚಿಕೊಂಡ.

ಹೊಳೆವ್ವನ ಕರುಳು ಎರಡು ಕಡೆಗೆ ಎಳೆಯಿತು. ಸುಮ್ಮನಿದ್ದರೆ ಮಗ ಉಳಿಯುತ್ತಾನೆ. ಲೈಸೆನ್ಸು ಉಳಿಯುತ್ತದೆ, ಕೆಲಸ ಉಳಿಯುತ್ತದೆ. ಅವಳು ಬಾಯಿ ಬಿಡದಿದ್ದರೆ ಆಗಿಹೋಯಿತು. ಆದರೆ ಅವಳಿಗೆ ಅಣ್ಣ ಕಲ್ಲೇಶನ ನೆನಪು ಬಂತು. ಆ ದಿನ ಲಾರಿಯವನೂ ಹೀಗೇ ಹೇಳಿದ್ದನಂತೆ. ಒಮ್ಮೆಲೆ ಅಡ್ಡ ಬಂದ ಎಂದು. ಹನ್ನೊಂದು ವರ್ಷ ಆ ಮಾತು ಅವಳ ಎದೆಯಲ್ಲಿ ಮುಳ್ಳಾಗಿತ್ತು.

"ಸುಳ್ಳುರಿ ಸಾಹೇಬ್ರ," ಎಂದಳು. ಅವಳ ದನಿ ಅವಳಿಗೇ ಪರಕೀಯವಾಗಿ ಕೇಳಿಸಿತು. "ಹಿರ್‍ಯಾ ತನ್ನ ಪಾಡಿಗೆ ಬಾಜೂಕ ಹೊಂಟಿದ್ದ. ನನ್ನ ಮಗ ರಸ್ತಾ ನೋಡಲಿಲ್ಲ. ಮೊಬೈಲ್‌ನ್ಯಾಗ ಬರಿಯಾಕತ್ತಿದ್ದ. ಬರಿ ಅಂತ ಹೇಳಿದಾಕಿ ನಾ. ನನ್ನ ಹೆಸರೂ ಬರಕೋರ್‍ರಿ."

"ಯವ್ವಾ!" ಎಂದ ಹನಮೇಶ. ಅಷ್ಟು ದೊಡ್ಡ ಹುಡುಗ ಗೋಡೆಗೆ ಮುಖ ಮಾಡಿ ಅತ್ತುಬಿಟ್ಟ.

ಆಗ ಅಬ್ದುಲಗನಿ ಮೆಲ್ಲಗೆ ಮಾತಾಡಿದ. "ನಾ ಹಿಂದ ಹೊಳ್ಳಿ ನೋಡಿದ್ನೆವ್ವಾ. ಗಾಡಿ ಬರೂದು ಕಂಡಿತ್ತು. ಸೈಕಲ್ ಗಂಟಿನೂ ಬಾರಿಸಿದ್ನಿ. ಹುಡುಗ ತೆಲಿ ಬಗ್ಗಿಸಿದ್ದ. ಏನೋ ಬಿದ್ದದ, ಹುಡುಕಾಕತ್ತಾನ, ಈಗ ಮ್ಯಾಲ ನೋಡತಾನ, ಈಗ ನೋಡತಾನ ಅಂತ ತಿಳದಿನಿ. ಅಷ್ಟ ನೋಡು, ಆಮ್ಯಾಲ ನನಗ ಗೊತ್ತಿಲ್ಲ."

ಅವನು ಬೈಯಲಿಲ್ಲ. ಬೈದಿದ್ದರೆ ಹೊಳೆವ್ವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಕೇಸಾಯಿತು. ದಂಡವೂ ಬಿತ್ತು. ಮಾಲೀಕ ಬೈದು ಹದಿನೈದು ದಿನ ಗಾಡಿ ಮುಟ್ಟಬೇಡ ಎಂದ. ಅಬ್ದುಲಗನಿಯ ಕೈಗೆ ಆರು ವಾರ ಪ್ಲಾಸ್ಟರು. ಗಾದಿ ಹಿಂಜುವವನಿಗೆ ಕೈಯೇ ಜೀವನ. ಹನಮೇಶ ದಿನಾ ಬೆಳಿಗ್ಗೆ ಅವನ ಮನೆಗೆ ಹೋಗಿ ಅವನು ಹೇಳಿದಂತೆ ಅರಳೆ ಹಿಂಜಿಕೊಟ್ಟು ಬರುತ್ತಿದ್ದ. ಯಾರೂ ಅವನಿಗೆ ಹೋಗೆಂದು ಹೇಳಿರಲಿಲ್ಲ.

ಆಕ್ಸಿಡೆಂಟಾದ ದಿನವೇ ಸಂಜೆ ಪ್ರಿಸಿಲ್ಲಾ ಡ್ಯೂಟಿ ಮುಗಿಸಿ ನೇರವಾಗಿ ಹೊಳೆವ್ವನ ಮನೆಗೆ ಬಂದಳು. ಮನೆಯಲ್ಲಿ ಯಾರೂ ಒಲೆ ಹಚ್ಚಿರಲಿಲ್ಲ. ಗುರುಶಿದ್ದಪ್ಪ ಬಾಗಿಲಲ್ಲಿ ಕೂತಿದ್ದ. ಅವನಿಗೂ ಆ ದಿನ ನಗೆ ಹೊಳೆಯಲಿಲ್ಲ. ದುರ್ಗಾ ಮೂರೂ ಮಿಸ್ ಕಾಲ್ ಕೊಟ್ಟಿದ್ದು ತಾನೇ ಎಂದು ಅತ್ತು ಅತ್ತು ಕಣ್ಣು ಕೆಂಪು ಮಾಡಿಕೊಂಡಿದ್ದಳು.

ಪ್ರಿಸಿಲ್ಲಾ ಹನಮೇಶನ ಎದುರು ಕೂತಳು. "ಬೈಯಾಕ ಬಂದಿಲ್ಲ ನಾ. ಖರೇ ಹೇಳು. ನೀ ಶಾಣ್ಯಾ ಹುಡುಗ. ಗಾಡಿ ಓಡಸುವಾಗ ಮೆಸೇಜ್ ಹೊಡಿಯೂದು ತಪ್ಪಂತ ನಿನಗ ಗೊತ್ತಿರಲಿಲ್ಲೇನು?"

"ಗೊತ್ತಿತ್ರಿ ಅಕ್ಕಾರ."

"ಮತ್ತ ಯಾಕ?"

ಹನಮೇಶ ತನ್ನ ಹೆಬ್ಬೆರಳನ್ನೇ ನೋಡಿಕೊಂಡ. "ಹೆಂಗ ಹೇಳ್ಲಿರಿ. ಅದು ಟಿಣ್ ಅಂದ ಕೂಡಲೇ ಕೈ ತಾನ ಹೋಗತದ. ನೋಡೂಮಟಾ ಮನಸ್ಸು ನಿಲ್ಲಂಗಿಲ್ಲ. ಉತ್ತರ ಕೊಡದಿದ್ರ ಅವ್ವ ಮತ್ತ ಮತ್ತ ಮಿಸ್ ಕಾಲ್ ಹೊಡಿತಾಳ. ಮಾಲಕ 'ಎಲ್ಲಿ ಸತ್ತಿ' ಅಂತ ಬೈತಾನ. ಗೆಳೆಯಾರು 'ಸೊಕ್ಕು ಬಂತು ಮಗನ್ಗ' ಅಂತಾರ. ಮೊದಮೊದಲ ನಿಲ್ಲಿಸಿನ ಹೊಡಿತಿದ್ದೆ. ಒಂದಿನ ಅವಸರದಾಗ ಓಡಸ್ತಾ ಹೊಡದೆ. ಏನೂ ಆಗಲಿಲ್ಲ. ಮರುದಿನನೂ ಏನೂ ಆಗಲಿಲ್ಲ. ಆಮ್ಯಾಲ ಏನೂ ಆಗಂಗಿಲ್ಲ ಅಂತನ ಅನಿಸಿಬಿಡ್ತು. ಎಲ್ಲಾ ಡ್ರೈವರ್ ಹುಡುಗರೂ ಹಿಂಗ ಮಾಡತಾರ್‍ರಿ. ನನ್ನ ಬೆರಳಿಗೆ ಗುಂಡಿ ಎಲ್ಲಾ ಪಾಠ ಅದಾವ, ನೋಡೂದ ಬ್ಯಾಡ ಅಂತ ತಿಳದಿದ್ದೆ."

"ಬೆರಳಿಗೆ ಪಾಠ ಇರಬಹುದು. ರಸ್ತಾ ದಿನಾ ಹೊಸಾದು ಇರತದಪ," ಎಂದಳು ಪ್ರಿಸಿಲ್ಲಾ. ಆಮೇಲೆ ದುರ್ಗಾಳ ಕಡೆ ತಿರುಗಿದಳು. "ದುರ್ಗಾ, 'ಸತ್ತೂರ' ಅಂತ ಬರಿ ನೋಡೂಣು. ನೀವೆಲ್ಲಾ ಇಂಗ್ಲಿಷ್ ಅಕ್ಷರದಾಗ ಬರೀತೀರಲ್ಲಾ, ಹಂಗ. ಎಷ್ಟು ಸಲ ಗುಂಡಿ ಒತ್ತತಿ, ಅವ್ವಗ ಕೇಳೂ ಹಂಗ ಎಣಿಸು."

ದುರ್ಗಾ ಏಳರ ಗುಂಡಿಯನ್ನು ನಾಲ್ಕು ಸಲ ಒತ್ತಿದಳು. ಆಗ ಮೊದಲನೇ ಅಕ್ಷರ ಮೂಡಿತು. ಎರಡರ ಗುಂಡಿ ಒಂದು ಸಲ. ಎಂಟರ ಗುಂಡಿ ಒಂದು ಸಲ, ತಡೆದು ಮತ್ತೊಂದು ಸಲ. ಹೊಳೆವ್ವ ಮಗಳ ಬೆರಳನ್ನೇ ನೋಡುತ್ತಿದ್ದಳು. ಕೊನೆಗೆ ದುರ್ಗಾ "ಹನ್ನೆರಡು" ಎಂದಳು.

"ಹನ್ನೆರಡು ಸಲಾನ?" ಹೊಳೆವ್ವ ಗಾಬರಿಯಾದಳು. "ನಾ ಒಂದ ಗುಂಡಿ ಅಂತ ತಿಳದಿದ್ದೆನಲ್ಲೋ ದೇವರ! ಗಂಟಿ ಬಾರಿಸಿದಂಗ ಒಂದು ಸಲ ಒತ್ತಿದ್ರ ಬರತದ ಅಂತ ತಿಳದಿದ್ದೆ."

"ತಾರಿಹಾಳ ಅಂತ ಬರದ್ರ ಇನ್ನಾ ಹೆಚ್ಚು," ಎಂದಳು ಪ್ರಿಸಿಲ್ಲಾ. "ಎಷ್ಟ ಚುರುಕಿದ್ರೂ ಐದಾರು ಸೆಕೆಂಡ್ ಬೇಕು. ಗಾಡಿ ನಲವತ್ತರಾಗ ಓಡಾಕತ್ತಿದ್ರ ಅಷ್ಟೊತ್ತಿಗೆ ಅರವತ್ತು ಮೀಟರ್ ದಾಟಿರತದ. ನಿಮ್ಮ ಬಾಗಲದಿಂದ ಆ ಹಿಟ್ಟಿನ ಗಿರಣಿ ಮಟ ಅಂತ ಹಿಡೀರಿ. ಹನಮೇಶಾ, ಏಳು. ಕಣ್ಣು ಮುಚ್ಚಿಕೊಂಡು ಗಿರಣಿ ಮಟ ನಡದು ಬಾ."

ಹನಮೇಶ ಎದ್ದು ಬಾಗಿಲಲ್ಲಿ ನಿಂತು ಕಣ್ಣು ಮುಚ್ಚಿಕೊಂಡ. ಅದು ಅವನು ಹುಟ್ಟಿ ಬೆಳೆದ ಓಣಿ. ಪ್ರತಿ ಕಲ್ಲೂ ಅವನಿಗೆ ಗೊತ್ತು. ಮೊದಲ ನಾಲ್ಕು ಹೆಜ್ಜೆ ಧೈರ್ಯವಾಗಿ ಹಾಕಿದ. ಯಾವುದೋ ಮಗು ಕೂಗಿತು. ಎಲ್ಲೋ ಸೈಕಲ್ಲಿನ ಗಂಟೆ ಕೇಳಿಸಿತು. ಹೆಜ್ಜೆ ಸಣ್ಣದಾಯಿತು, ಕೈಗಳು ತಾವಾಗಿ ಮುಂದೆ ಚಾಚಿದವು. ಹನ್ನೊಂದನೇ ಹೆಜ್ಜೆಗೆ ನಿಂತು ಕಣ್ಣು ತೆರೆದುಬಿಟ್ಟ.

"ಯಾಕೋ, ಗಿರಣಿ ಇನ್ನಾ ದೂರ ಅದಲ್ಲಾ?" ಎಂದಳು ಪ್ರಿಸಿಲ್ಲಾ.

"ಹೆದರಿಕಿ ಬಂತ್ರಿ ಅಕ್ಕಾರ."

"ಕಾಲಾಗ ನಡಿಯೂದಕ್ಕ ಹೆದರಿಕಿ ಬಂತು. ಗಾಡ್ಯಾಗ ಮಾಲು ತುಂಬಿಕೊಂಡು, ಬಾಜೂಕ ಹಡದವ್ವನ್ನ ಕುಂಡರಿಸಿಕೊಂಡು, ಅದನ್ನ ಮಾಡಿದಿ. ದಿನಾ ಎಂಟು ಸಲ."

ಓಣಿಯಲ್ಲಿ ನಿಂತಿದ್ದ ಹೊಳೆವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ದಿನಕ್ಕೆ ಎಂಟು ಸಲ ತನ್ನ ಮಗ ಕಣ್ಣು ಮುಚ್ಚಿಕೊಂಡು ದೊಡ್ಡ ರಸ್ತೆಯಲ್ಲಿ ಓಡಿದ್ದ. ಓಡಿಸಿದವಳು ತಾನು. ಅಣ್ಣನ ಸಾವಿಗೆ ಹೆದರಿ ಮಗನನ್ನು ಅದೇ ದಾರಿಗೆ ತಳ್ಳುತ್ತಿದ್ದೆನಲ್ಲ ಎಂದು ಅವಳಿಗೆ ಅನ್ನಿಸಿತು.

"ಬಾಯಾರ, ನೀವು ಅವತ್ತ ಹೇಳಿದಿರಿ. ನಾ ಕೇಳಲಿಲ್ಲ," ಎಂದಳು. "ಆದ್ರ ನನ್ನ ಕಾಳಜಿ ಏನು ಮಾಡ್ಲಿರಿ? ಅದು ಹೋಗಂಗಿಲ್ಲಲ್ಲ."

"ಹೋಗಂಗಿಲ್ರಿ ಹೊಳೆವ್ವಕ್ಕಾ. ಅದಕ್ಕ ಔಷಧ ನಮ್ಮ ದವಾಖಾನ್ಯಾಗೂ ಇಲ್ಲ," ಎಂದು ಪ್ರಿಸಿಲ್ಲಾ ಅವಳ ಕೈ ಹಿಡಿದುಕೊಂಡಳು. "ಕಾಳಜಿ ನಿಮ್ಮ ಹಂತ್ಯಾಕ ಇರಲಿ. ಅವನ ಕೈಯಾಗ ಕೊಡಬ್ಯಾಡ್ರಿ."

ಅಂದು ಹೊಸ ಕಟ್ಟಳೆಯಾಯಿತು. ಗಾಡಿ ಹತ್ತುವ ಮುಂಚೆ ಹನಮೇಶ ಮೊಬೈಲಿನ ಸದ್ದು ಬಂದ್ ಮಾಡಿ ಸೀಟಿನ ಹಿಂದಿನ ಚೀಲಕ್ಕೆ ಹಾಕಬೇಕು. ಧಾರವಾಡದಲ್ಲಿ ಮಾಲು ಇಳಿಸಿ, ಎಂಜಿನ್ ಆರಿಸಿ, ನೆಲದ ಮೇಲೆ ನಿಂತು ಒಂದು ಫೋನು ಮಾಡಬೇಕು. ಅಷ್ಟೇ. ಗಾಡಿ ಓಡಿಸುವಾಗ ಎತ್ತುವುದಿಲ್ಲ ಎಂದು ಗುರುಶಿದ್ದಪ್ಪ ತಾನೇ ತಾರಿಹಾಳಕ್ಕೆ ಹೋಗಿ ಮಾಲೀಕನಿಗೂ ಹೇಳಿ ಬಂದ. ಮಾಲೀಕ ಗೊಣಗಿದ, ಆದರೆ ಒಪ್ಪಿದ. ಇನ್ನು ಮನೆಯಿಂದ ಮಿಸ್ ಕಾಲ್ ಹೋಗಕೂಡದು. ಒಂದೂ ಹೋಗಕೂಡದು. ಎರಡು ಮತ್ತು ಮೂರರ ಮಾತೇ ಇಲ್ಲ.

ಹೇಳುವುದು ಸುಲಭ. ಹದಿನೈದು ದಿನ ಕಳೆದು ಹನಮೇಶ ಮತ್ತೆ ಗಾಡಿ ಹತ್ತಿದ. ಮೊದಲ ದಿನ ಮಧ್ಯಾಹ್ನ ಒಂದಕ್ಕೆ ಧಾರವಾಡದಿಂದ ಫೋನು ಬಂತು. "ಮುಟ್ಟೇನವ್ವಾ. ಇನ್ನ ಹೊಂಡತೇನಿ." ಎರಡೂವರೆಗೆ ಮನೆಯ ಮುಂದೆ ಹಾಯ್ದು ಹೋಗಬೇಕಾಗಿದ್ದ ಗಾಡಿ ಮೂರಾದರೂ ಬರಲಿಲ್ಲ.

ಮೂರೂವರೆಯಾಯಿತು. ಹೊಳೆವ್ವ ರೊಟ್ಟಿ ಹಿಟ್ಟು ನಾದುವ ಕೊಣಮಿಗೆ ಬದಿಗಿಟ್ಟಳು. ಎದ್ದಳು, ಕೂತಳು, ಮತ್ತೆ ಎದ್ದಳು. ನಾಲ್ಕಕ್ಕೆ ಆಂಬುಲೆನ್ಸೊಂದು ಸೈರನ್ ಹೊಡೆಯುತ್ತಾ ಸತ್ತೂರಿನ ಕಡೆಗೆ ಹೋಯಿತು. ಅವಳು ಮೊಬೈಲು ಕೈಗೆತ್ತಿಕೊಂಡಳು. ಹಸಿರು ಗುಂಡಿ ಅವಳಿಗೆ ಗೊತ್ತಿತ್ತು. ಬೆರಳು ಅದರ ಮೇಲೇ ಇತ್ತು.

"ಯವ್ವಾ, ಒಂದ ಒಂದು ಸಲ ಕೊಟ್ಟು ನೋಡೂಣು," ಎಂದಳು ದುರ್ಗಾ.

"ಬ್ಯಾಡ."

"ಏನರ ಆಗಿದ್ರ?"

"ಆಗಿದ್ರ ನಮ್ಮ ಫೋನಿನಿಂದ ಅದು ತಪ್ಪಂಗಿಲ್ಲ. ಆಗಿರದಿದ್ರ ನಮ್ಮ ಫೋನಿನಿಂದ ಆಗಬಾರದು." ಹೊಳೆವ್ವ ಮೊಬೈಲನ್ನು ಮಗಳ ಕೈಗೂ ಕೊಡಲಿಲ್ಲ. ಅಕ್ಕಿಯ ಡಬ್ಬಿಯೊಳಗೆ ಹೂತಿಟ್ಟು ಮುಚ್ಚಳ ಹಾಕಿದಳು. ಮಗಳನ್ನೂ ಕರೆದುಕೊಂಡು ಹೊರಗೆ ಕಟ್ಟೆಯ ಮೇಲೆ ಬಂದು ಕೂತಳು. ಅವಳಿಗೆ ಗೊತ್ತಿದ್ದ ದೇವರ ಹೆಸರೆಲ್ಲ ಮುಗಿದವು, ಮತ್ತೆ ಮೊದಲಿನಿಂದ ಶುರು ಮಾಡಿದಳು. ಹನಮೇಶನನ್ನು ಹಡೆದ ದಿನವೂ ಗಂಟೆಗಳು ಇಷ್ಟು ಉದ್ದವಾಗಿರಲಿಲ್ಲ.

ಐದಕ್ಕೆ ಹತ್ತು ನಿಮಿಷ ಇದ್ದಾಗ ಓಣಿಯ ತುದಿಯಲ್ಲಿ ಟೆಂಪೊ ನಿಂತಿತು. ಹನಮೇಶ ಓಡುತ್ತಾ ಬಂದ. ಅಂಗಿಯೆಲ್ಲ ಮಣ್ಣು, ಕೈಯೆಲ್ಲ ಕರಿ ಗ್ರೀಸು, ಮುಖದಲ್ಲಿ ಗಾಬರಿ.

"ಯವ್ವಾ, ಆರಾಮ ಅದಿಯಿಲ್ಲೋ?"

"ನನಗೇನಾಗೇದಲೇ? ನಿನಗೇನಾತು?"

"ಎರಡು ಗಾಲಿ ಪಂಕ್ಚರ್ ಆದೂವವ್ವಾ, ಒಂದರ ಹಿಂದ ಒಂದು. ಫೋನು ಮಾಡೂಣಂದ್ರ ಬ್ಯಾಟರಿ ಸತ್ತಿತ್ತು. ಪಂಕ್ಚರ್ ಅಂಗಡಿಯಾಗ ಚಾರ್ಜ್ ಹಚ್ಚಿದ ಮ್ಯಾಲೂ ನಿನ್ನ ಮಿಸ್ ಕಾಲ್ ಒಂದೂ ಬರಲಿಲ್ಲ! ಇಷ್ಟೊತ್ತು ಅವ್ವ ಹೊಡಿಯದ ಇರಂಗಿಲ್ಲ, ಮನ್ಯಾಗ ಏನೋ ಆಗೇದ ಅಂತ ನನಗ ಜೀವ ಹಾರಿತು. ಆಗಿಂದ ಹೊಡದರ ಯಾರೂ ಎತ್ತವಲ್ರಿ."

ಡಬ್ಬಿಯೊಳಗೆ ಅಕ್ಕಿಯ ನಡುವೆ ಮೊಬೈಲು ಗುಂಯ್‌ಗುಡುತ್ತಿದ್ದದ್ದು ಯಾರಿಗೂ ಕೇಳಿಸಿರಲಿಲ್ಲ. ಹೊಳೆವ್ವ ಮಗನ ತಲೆಯಿಂದ ಕಾಲಿನವರೆಗೆ ಕೈಯಾಡಿಸಿದಳು. ಗ್ರೀಸಿನ ಕೈಗಳನ್ನು ತನ್ನ ಎರಡೂ ಕೆನ್ನೆಗೆ ಒತ್ತಿಕೊಂಡಳು. ಆಮೇಲೆ ಅವಳು ಕೇಳಿದ್ದು ಒಂದೇ ಮಾತು.

"ಬರುವಾಗ ಎಲ್ಲೆರ ಮೊಬೈಲ್ ತಗದಿಯೇನು?"

"ಇಲ್ಲವ್ವಾ. ಅಲ್ಲೇ ನಿಂತು ಹೊಡದೆ. ಎತ್ತಲಿಲ್ಲ. ಚೀಲದಾಗ ಹಾಕಿ ಬಂದೆ."

"ಆತಪ," ಎಂದಳು ಹೊಳೆವ್ವ. "ಕೈ ತೊಳಕೋ. ರೊಟ್ಟಿ ಬಿಸಿ ಮಾಡತೇನಿ."

ಅಕ್ಕಂದಿರೇ, ಅವ್ವಂದಿರೇ, ಅಪ್ಪಂದಿರೇ, ಈ ಕಥೆಯನ್ನು ಗಾಡಿ ಓಡಿಸುವ ಹುಡುಗರಿಗೆ ಓದಿ ಹೇಳಿ. ಗಾಡಿ ಹತ್ತುವ ಮುಂಚೆ ಮೊಬೈಲಿನ ಬಾಯಿ ಮುಚ್ಚಿಸಿ ದೂರ ಇಡಲು ಹೇಳಿ. ತುರ್ತಿದ್ದರೆ ಗಾಡಿಯನ್ನು ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ ಆಮೇಲೆ ಮಾತಾಡಲಿ. ಓಡಿಸುತ್ತಾ ಮೊಬೈಲು ಹಿಡಿಯುವುದು ಕಾನೂನಿಗೂ ವಿರುದ್ಧ. ಆದರೆ ಹುಡುಗರಿಗೆ ಬುದ್ಧಿ ಹೇಳಿ ನೀವು ಸುಮ್ಮನಾಗಬೇಡಿ. ಅವರ ಮೊಬೈಲಿಗೆ ಬರುವ ಕರೆ ಯಾರದು ಎಂದು ಒಮ್ಮೆ ವಿಚಾರ ಮಾಡಿ. ಅದು ನಿಮ್ಮದೇ ಆಗಿರಬಹುದು. ಮಗ ರಸ್ತೆಯಲ್ಲಿದ್ದಾನೆ ಎಂದು ಗೊತ್ತಿದ್ದರೆ ಆ ಹಸಿರು ಗುಂಡಿಯ ಮೇಲಿನ ಬೆರಳು ತೆಗೆಯಿರಿ. ಕಾಯುವುದು ಬಹಳ ಕಷ್ಟ, ಹೊಳೆವ್ವನನ್ನು ಕೇಳಿದರೆ ಹೇಳುತ್ತಾಳೆ. ಆದರೂ ಕಾಯಿರಿ. ಮಗ ಒಂದು ತಾಸು ತಡವಾಗಿ ಬಂದರೂ ಚಿಂತೆಯಿಲ್ಲ, ಮನೆಗೆ ಬರಲಿ.